ಬಾಡಿಗೆ ಹಾಸಿಗೆಯ ಪರದೇಶಿ

ಸ್ವಂತ ಮನೆಯಿಂದ ಪಕ್ಕದ ಮನೆಗೆ ಪ್ರವಾಸ ಹೋದ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹೋದದ್ದಲ್ಲದೆ, ಹುಟ್ಟಿದ ಊರಿನಲ್ಲೇ ಪರದೇಶಿ ಎನಿಸಿಕೊಂಡವನನ್ನು? ಕಂಡಿಲ್ಲವಾದರೆ ನನ್ನನ್ನೇ ನೋಡಿ. ನೋಡಿ, ಆಮೇಲೆ ನ್ಯಾಯ ಹೇಳಿ.

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಒದೀಲಳ ಒಂದು ನಿಟ್ಟುಸಿರಿನಿಂದ. ಫ್ರಾನ್ಸಿನ ಗ್ಯಾಸ್ಕನಿ ಸೀಮೆಯ ನಮ್ಮ ಹಳ್ಳಿಗೆ ಪ್ರತಿ ಆಗಸ್ಟ್‌ನಲ್ಲೂ ಪ್ಯಾರಿಸ್ಸಿನವರು, ಇಂಗ್ಲಿಷರು, ಬೆಲ್ಜಿಯಂನವರು ಬಂದು ಪಕ್ಕದ ಲೆಸ್ಪಿನಾಸ್ ಅಜ್ಜಿಯ ಮನೆಯನ್ನು ಬಾಡಿಗೆಗೆ ಹಿಡಿಯುತ್ತಾರೆ. ಅಜ್ಜಿ ಅಲ್ಲೊಂದು ಈಜುಕೊಳ ತೋಡಿಸಿ ಅದಕ್ಕೆ ‘ವಿಲ್ಲಾ’ ಎಂದು ನಾಮಕರಣ ಮಾಡಿದ್ದಾಳೆ (ಹಿಂದೆ ಅದು ಬಾತುಕೋಳಿ ಕೊಟ್ಟಿಗೆ, ನನಗೆ ಗೊತ್ತಿಲ್ಲವೇ?). ಬೇಲಿಯಾಚೆ ಆ ಹೆಂಗಸರು ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿರುವಾಗ, ಬೇಲಿಯೀಚೆ ನನ್ನಾಕೆ ಬಾತುಕೋಳಿಯ ಪುಕ್ಕ ಕೀಳುತ್ತಿರುತ್ತಾಳೆ.

“ಮದುವೆಯಾದಾಗಿಂದ ಒಂದು ಸಲನಾದ್ರೂ ವಿಲ್ಲಾ ಹಿಡಿದು ರಜ ಕಳೆದಿದ್ದೀವಾ, ಆನ್ಸೆಲ್ಮ್? ಈ ಆಗಸ್ಟ್‌ನಲ್ಲಿ ಹೋಗ್ಲೇಬೇಕು,” ಎಂದಳು.

ಆಗಸ್ಟ್‌ನಲ್ಲಂತೆ! ಮಾತೆ ಮರಿಯಮ್ಮನ ಹಬ್ಬದ ದಿನ ಚರ್ಚಿನ ಮುಂದಿನ ಬಯಲಿನಲ್ಲಿ ಪೆತಾಂಕ್ ಪಂದ್ಯ ಇರುವುದು ಅವಳಿಗೆ ತಿಳಿಯದೇ? ಕಬ್ಬಿಣದ ಗುಂಡೆಸೆಯುವ ಆ ಮಹಾಸಮರದಲ್ಲಿ ಗೆದ್ದ ಜೋಡಿಗೆ ಉಪ್ಪು ಹಚ್ಚಿ ಒಣಗಿಸಿದ ಇಡೀ ಹಂದಿತೊಡೆ! ಹೋದ ವರ್ಷ ಅದನ್ನು ವಿಲ್ಲಾದಲ್ಲಿದ್ದ ಯಾರೋ ಬೆಲ್ಜಿಯಂನ ಹಲ್ಲಿನ ಡಾಕ್ಟರು, ಅದೂ ಹೂವಿನ ಚಡ್ಡಿ ಹಾಕಿಕೊಂಡು ಬಂದು, ಹೊಡೆದುಕೊಂಡು ಹೋದ. ನನ್ನ ರಕ್ತ ಕುದಿಯಿತು. ಊರ ಸಭೆಯಲ್ಲಿ ಮೇಜು ಗುದ್ದಿ ಒಂದು ಶಾಸನವನ್ನೇ ಹೊರಡಿಸಿದೆ: “ಬಾಡಿಗೆ ಹಾಸಿಗೇಲಿ ಮಲಗೋರು ಅತಿಥಿಗಳು. ಚಪ್ಪಾಳೆ ತಟ್ಟಲಿ, ಗುಂಡು ಮುಟ್ಟೋದು ಬೇಡ. ಊರಿನ ಮನೇಲಿ ಪುಕ್ಕಟೆ ಮಲಗೋರೇ ಊರಿನವರು!” ಸಭೆ ಒಕ್ಕೊರಲಿನಿಂದ ಒಪ್ಪಿತು. ಈ ವರ್ಷ ತೊಡೆ ನನ್ನದೇ ಎಂದು ಅಡುಗೆಮನೆಯ ತೊಲೆಗೆ ಕೊಕ್ಕೆಯನ್ನೂ ಬಡಿದಿಟ್ಟಿದ್ದೆ.

ಹೋಗುವುದು ಬೇಡ ಎಂದರೆ ಮನೆ ರಣರಂಗವಾಗುತ್ತದೆ. ಆದ್ದರಿಂದ ರಾಜತಂತ್ರ ಹೂಡಿದೆ.

“ಹೋಗೋಣ. ಆದ್ರೆ ಬೆಣ್ಣೆಗೆ ಉಪ್ಪು ಹಾಕೋ ಊರಿಗೆ ನಾನು ಬರಲ್ಲ.”

“ಸರಿ, ಬ್ರಿಟನಿ ಬಿಟ್ಟೆ.”

“ಮಳೆ ಬರಬಾರದು.”

“ನಾರ್ಮಂಡಿನೂ ಬಿಟ್ಟೆ. ಇನ್ನೇನು?”

“ಬ್ರೆಡ್ಡು ನಮ್ಮ ಎವಾರಿಸ್ತನ ಬೇಕರಿದೇ ಆಗ್ಬೇಕು. ನಾಯಿಗೆ ಕಾರಿನಲ್ಲಿ ವಾಂತಿ, ಅದಕ್ಕೇ ಕಾರು ಹತ್ತೋ ಮಾತೇ ಇಲ್ಲ. ಹಬ್ಬದ ದಿನ ನಾನು ಬಯಲಲ್ಲಿರ್ಬೇಕು. ಮತ್ತೆ ನಮ್ಮ ಕೋಳಿಗೆ, ಟೊಮೇಟೊ ಗಿಡಕ್ಕೆ ಯಾರು ಗತಿ? ನಂಬಿಕಸ್ಥರು ಯಾರಾದ್ರೂ ಬಂದು ಮನೇಲೇ ಮಲಗ್ಬೇಕು!”

“ಅಷ್ಟೇನಾ?”

“ಅಷ್ಟೇ,” ಎಂದೆ, ಮೀಸೆಯಡಿ ನಗುತ್ತ. ಇಂಥ ವಿಲ್ಲಾವನ್ನು ದೇವರೂ ಕಟ್ಟಿಸಿರಲಾರ.

ಮರುದಿನ ಸಂಜೆಯೇ ಒದೀಲ್, “ವಿಲ್ಲಾ ಗೊತ್ತಾಯ್ತು, ಮುಂಗಡನೂ ಕೊಟ್ಟೆ,” ಎಂದಳು.

“ಎಲ್ಲಿ?”

ಅವಳು ಕಿಟಕಿಯಾಚೆ ಬೆರಳು ತೋರಿಸಿದಳು. ಬೇಲಿಯ ಮೇಲಿಂದ ಲೆಸ್ಪಿನಾಸ್ ಅಜ್ಜಿ ನನಗೆ ಕೈ ಬೀಸಿದಳು.

ನಾನು ಕೂಗಾಡಿದೆ. ಏನು ಪ್ರಯೋಜನ? ಷರತ್ತೆಲ್ಲ ನನ್ನವೇ. ಆಗಸ್ಟ್ ಬಂತು, ಎರಡು ಸೂಟ್‌ಕೇಸು ಹೊತ್ತು, ನಾಯಿ ಹಿಡಿದು, ಇಡೀ ಊರು ನೋಡುತ್ತಿದ್ದಂತೆ ಬೇಲಿ ಸುತ್ತಿ ಪಕ್ಕದ ಗೇಟು ಹೊಕ್ಕೆ. “ಪ್ರಯಾಣ ಸುಖವಾಗಿತ್ತಾ?” ಎಂದು ಅಂಚೆಯವಳು ಕೇಳಿದಳು. ಕೋಳಿ ಕಾಯಲು ಬೋರ್ಡೋ ನಗರದಿಂದ ಬಂದಿಳಿದವನು ನನ್ನ ಭಾಮೈದ ಜೆರೋಮ್. ಬಂದವನೇ ನನ್ನ ಮಂಚದ ಮೇಲೆ ಉರುಳಿದ. ಇತ್ತ ಒದೀಲ್ ಕೊಳದಲ್ಲಿ ಕಾಲು ಇಳಿಬಿಟ್ಟವಳು ಮೇಲೆತ್ತಲೇ ಇಲ್ಲ. ಊಟವೆಲ್ಲಿ ಎಂದರೆ, “ರಜಕ್ಕೆ ಬಂದೋರು ಯಾರಾದ್ರೂ ಅಡುಗೆ ಮಾಡ್ತಾರಾ?” ಎಂದಳು. (ಮಾಡುತ್ತಾರೆ. ನಾನು ಮಾಡಿದೆ.)

ಇರಲಿ, ತೊಡೆಗಾಗಿ ಎಲ್ಲ ಸಹಿಸಿದೆ. ಹಬ್ಬದ ದಿನ ಗುಂಡುಗಳನ್ನು ಥಳಥಳ ಹೊಳೆಯುವಂತೆ ಒರೆಸಿಕೊಂಡು ಬಯಲಿಗೆ ಹೋದರೆ, ಮೇಯರ್ ಕೈ ಅಡ್ಡ ಇಟ್ಟ.

“ನಿನ್ನೆ ಎಲ್ಲಿ ಮಲಗಿದ್ದೆ, ಆನ್ಸೆಲ್ಮ್?”

“ಲೆಸ್ಪಿನಾಸ್ ಅಜ್ಜಿ ಮನೇಲಿ.”

“ಪುಕ್ಕಟೆನಾ?”

ನಾನು ಬಾಯಿ ತೆರೆಯುವುದರೊಳಗೆ ಗುಂಪಿನಿಂದ ಅಜ್ಜಿಯ ದನಿ ಬಂತು: “ಪುಕ್ಕಟೆ ಯಾಕಪ್ಪ? ಬಾಡಿಗೆ ಪೂರ್ತಿ ಬಂದಿದೆ!”

“ನಾನು ಇದೇ ಊರಲ್ಲಿ ಹುಟ್ಟಿದವನು ಕಣಯ್ಯ! ಆ ಮರ ನಮ್ಮ ತಾತ ನೆಟ್ಟಿದ್ದು!”

ಊರಿಗೆ ಊರೇ ನನ್ನ ಶಾಸನವನ್ನು ನನಗೇ ಒಪ್ಪಿಸಿತು. ಮೇಜು ಗುದ್ದುವುದನ್ನೂ ಬಿಡಲಿಲ್ಲ. ನನ್ನ ಜೊತೆಯಾಟಗಾರನಾದ ಬೇಕರಿಯ ಎವಾರಿಸ್ತ್ ಮಾತ್ರ ನನಗಾಗಿ ಮರುಗಿದ. ಎಷ್ಟು ಮರುಗಿದ ಎಂದರೆ, “ಹಾಗಾದ್ರೆ ನನಗೆ ಜೋಡಿ ಯಾರು? ಇವನ ಮನೇಲಿ ಪುಕ್ಕಟೆ ಮಲಗ್ತಿರೋರು ಯಾರಾದ್ರೂ ಇದ್ದಾರಾ?” ಎಂದು ಕೇಳಿದ.

ಇದ್ದ. ನನ್ನ ಟೊಮೇಟೊ ಕಚ್ಚುತ್ತ ಮುಂದೆ ಬಂದ. ಹೂವಿನ ಚಡ್ಡಿಯಲ್ಲಿ.

“ಭಾವ, ನಿಮ್ಮ ಗುಂಡು ಒಂಚೂರು ಕೊಡ್ತೀರಾ? ಇದನ್ನ ಹಿಡಿಯೋದು ಹೇಗೆ?”

ಹಿಡಿಯಲೂ ಬಾರದವನು ಗೆದ್ದ, ಸ್ವಾಮಿ! ನನ್ನ ಗುಂಡಿನಿಂದ, ನನ್ನ ಕಣ್ಣೆದುರಿಗೇ! ಅದನ್ನು ನೋಡುತ್ತ ಶಾಸನದ ಪ್ರಕಾರ ನಾನು ಚಪ್ಪಾಳೆ ತಟ್ಟಿದೆ. ತೊಡೆಯಲ್ಲಿ ಎವಾರಿಸ್ತನಿಗೂ ಪಾಲಿತ್ತು. ಅವನು ತನ್ನದನ್ನು ಜೆರೋಮನಿಗೇ ಉಡುಗೊರೆ ಕೊಟ್ಟನಂತೆ, ಹೊಸ ಜೋಡಿಯ ನೆನಪಿಗೆ.

ಸಂಜೆ ಬೇಲಿಯ ಮೇಲಿಂದ ಕತ್ತು ಚಾಚಿದರೆ, ನನ್ನ ಅಡುಗೆಮನೆಯಲ್ಲಿ, ನಾನೇ ಬಡಿದ ಕೊಕ್ಕೆಗೆ ತೊಡೆ ತೂಗುತ್ತಿತ್ತು.

“ಕೊಕ್ಕೆ ಭಾರೀ ಗಟ್ಟಿ ಇದೆ, ಭಾವ!” ಎಂದು ಜೆರೋಮ್ ಕಿಟಕಿಯಿಂದ ಹೊಗಳಿದ.

ಒದೀಲ್ ನೀರಿನಿಂದ ಕಾಲು ತೆಗೆಯದೆಯೇ ಒಂದು ತಟ್ಟೆ ಚಾಚಿದಳು. “ಹೋಗಿ ಎರಡು ಚೂರು ಕೇಳ್ಕೊಂಡು ಬಾ. ಈ ಊರಿನ ಜನ ಒಳ್ಳೆಯವರು, ಅತಿಥಿಗಳಿಗೆ ಇಲ್ಲ ಅನ್ನಲ್ಲ.”

ಹಸಿವಾಗಿತ್ತು. ಹೋದೆ. ನನ್ನ ಮನೆಯ ಬಾಗಿಲನ್ನು ನಾನೇ ತಟ್ಟಿ, ತಟ್ಟೆ ಹಿಡಿದು ನಿಂತೆ.

“ಯಾರದು?” ಎಂದ ಒಳಗಿನಿಂದ.

ಏನೆಂದು ಹೇಳಲಿ, ನೀವೇ ಹೇಳಿ!