ಥ್ರಾಪ್ ಗಿರಣಿಯ ಬೆಂಕಿ

ಥ್ರಾಪ್ ಗಿರಣಿಯಲ್ಲಿ ಕೆಲಸದ ಹೊತ್ತಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಒಂದು ದಿನ ಒಳಗೆ ಬೆಂಕಿ ಬಿತ್ತು. ನೂಲು ತೆಗೆಯುತ್ತಿದ್ದ ಹುಡುಗಿಯರು ಸುಟ್ಟು ಸತ್ತರು. ಬೀಗ ಹಾಕಿಸಿದ ಧಣಿ ಸರ್ ಆಂಬ್ರೋಸ್ ಥ್ರಾಪನ ಕಂಚಿನ ಪ್ರತಿಮೆ ಈಗಲೂ ಮಾರ್ಲ್‌ಬೆಕ್ ಊರಿನ ಪೇಟೆಚೌಕದಲ್ಲಿ ನಿಂತಿದೆ.

ಸತ್ತವರಲ್ಲಿ ಹೆಟ್ಟಿ ಎಂಬವಳು ಕ್ಲಿಫರ್ಡ್ ಬ್ರೆರ್ಲಿಯ ಅಜ್ಜಿಯ ಅಕ್ಕ. ಕ್ಲಿಫರ್ಡ್ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಶನಿವಾರ ಬಂತೆಂದರೆ ಕೊರಳಿಗೆ ಹಸಿರು ಪಟ್ಟಿ ಹಾಕಿಕೊಂಡು, ಪ್ರವಾಸಿಗರಿಗೆ ಬಿಟ್ಟಿಯಾಗಿ ಊರು ತೋರಿಸುತ್ತಾನೆ. ಹೇಳುವ ಮಾತನ್ನು ಪರಂಪರೆ ಸಮಿತಿ ಮೊದಲೇ ಬಾಯಿಪಾಠ ಮಾಡಿಸಿತ್ತು. ಥ್ರಾಪ್ ಊರಿಗೆ ಗಡಿಯಾರ ಕೊಟ್ಟ, ಸ್ನಾನದ ಮನೆ ಕೊಟ್ಟ. ಬೆಂಕಿಯ ಸುದ್ದಿ ಮಾತ್ರ ಇಲ್ಲ. ಯಾಕೆಂದು ಕೇಳಿದ್ದಕ್ಕೆ ಕಾರ್ಯದರ್ಶಿ ಡೋರೀನ್, ಜನ ಇಲ್ಲಿಗೆ ಕೇಕ್ ತಿನ್ನೋಕೆ ಬರ್ತಾರೆ, ಹೆಣ ಎಣಿಸೋಕಲ್ಲ ಎಂದಿದ್ದಳು.

ಈ ಶನಿವಾರ ಹೇಳಿಯೇಬಿಡುವುದು ಎಂದು ಕ್ಲಿಫರ್ಡ್ ಗಟ್ಟಿ ಮನಸ್ಸು ಮಾಡಿದ. ಹೆಟ್ಟಿಯ ಹೆಸರನ್ನು ಚೌಕದಲ್ಲಿ ಒಮ್ಮೆ ಜೋರಾಗಿ ಹೇಳಬೇಕು, ಕೇಳಿದವರು ನಾಚಿ ತಲೆ ತಗ್ಗಿಸಬೇಕು. ಅವನಿಗಿದ್ದದ್ದು ಅದೊಂದೇ ಆಸೆ. ಗ್ರಹಚಾರಕ್ಕೆ ಡೋರೀನಳೂ ಕೊಡೆ ಹಿಡಿದು, ಕರು ಕಾಯುವವಳ ಹಾಗೆ ಅವನ ಹಿಂದೆಯೇ ಬಂದಳು.

ಗಡಿಯಾರದ ಗೋಪುರದ ಕೆಳಗೆ ಕ್ಲಿಫರ್ಡ್ ಶುರುಮಾಡಿದ. ಇದನ್ನು ಬೆಳಿಗ್ಗೆ ಮುಂದಕ್ಕೆ ತಿರುಗಿಸುತ್ತಿದ್ದರು, ಸಂಜೆ ಹಿಂದಕ್ಕೆ. ಧಣಿ ಊರಿಗೆ ಕೊಟ್ಟದ್ದು ಗಡಿಯಾರ, ಕದ್ದದ್ದು ಊರಿನ ಹೊತ್ತು ಎಂದ. ಪ್ರವಾಸಿಗರು ಕತ್ತೆತ್ತಿ ನೋಡಿ, ಎಷ್ಟು ಚೆಂದ ಎಂದು ಫೋಟೊ ತೆಗೆದರು. ಡೋರೀನ್, ಅದು ಗಾಳಿಗೆ ಹಾಗಾಗುತ್ತಿತ್ತು ಎಂದು ತಿದ್ದಿ, ಕೊಡೆಯ ಕೊಕ್ಕೆಯಿಂದ ಅವನ ಮೊಣಕೈ ಎಳೆದಳು.

ಸ್ನಾನದ ಮನೆಯ ಮುಂದೆ ಅವನ ದನಿ ಏರಿತು. ಗಿರಣಿಯ ಬಣ್ಣದ ಕೊಚ್ಚೆ ಬಿಟ್ಟು ಹೊಳೆ ಕೆಡಿಸಿದವನೇ, ಮೈ ತೊಳೆದುಕೊಳ್ಳಿ ಎಂದು ಈ ಮನೆ ಕಟ್ಟಿಸಿದ ಎಂದು ಗುಡುಗಿದ. ಯಾರಿಗೂ ಸಿಟ್ಟು ಬರಲಿಲ್ಲ. ಒಬ್ಬ ಮುದುಕಿ ಮರುಕಪಟ್ಟು, ಗಂಟಲಿಗೆ ಒಳ್ಳೆಯದು ಎಂದು ಪೆಪ್ಪರ್‌ಮಿಂಟ್ ಕೊಟ್ಟಳು. ಅದನ್ನು ಬೇಡವೆನ್ನಲು ಅವನಿಗೆ ಸಂಕೋಚವಾಯಿತು. ಮುಂದಿನ ಕ್ರಾಂತಿಯನ್ನೆಲ್ಲ ಅವನು ಚೀಪುತ್ತಲೇ ಮಾಡಬೇಕಾಯಿತು.

ಅಷ್ಟರಲ್ಲಿ ಮಳೆ ಹನಿಯಿತು. ಜನ ಗೋಡೆಯ ಮಗ್ಗುಲಿಗೆ ಸಾಲಾಗಿ ನಿಂತರು. ಸಾಲು ಕಂಡರೆ ಯಾತಕ್ಕೆಂದು ಕೇಳದೆ ಬಾಲಕ್ಕೆ ಸೇರಿಕೊಳ್ಳುವ ಊರು ಅದು. ಬ್ರೆಡ್ಡು ತರಲು ಹೊರಟವರು, ನಾಯಿ ಹಿಡಿದವರು, ಎಲ್ಲರೂ ಬಂದು ಸೇರಿಕೊಂಡರು. ಚೌಕ ಮುಟ್ಟುವ ಹೊತ್ತಿಗೆ ಕ್ಲಿಫರ್ಡನ ಹಿಂದೆ ಅರ್ಧ ಪೇಟೆಯೇ ಇತ್ತು.

ಪ್ರತಿಮೆಯ ಬುಡದಲ್ಲಿ ನಿಂತು ಅವನು ಎಲ್ಲ ಹೇಳಿದ. ಬೀಗ, ಹೊಗೆ, ಬಾಗಿಲು ಬಡಿದ ಕೈಗಳು.

"ನನ್ನಜ್ಜಿ ಬಾಗಿಲಿನ ಈ ಕಡೆ ನಿಂತ್ಕೊಂಡು ಕೇಳಿಸ್ಕೊಂಡ್ಳು. ಒಳಗಿದ್ದೋಳು ಅವಳ ಅಕ್ಕ. ಹೆಸರು ಹೆಟ್ಟಿ."

ಅಲ್ಲಿಗೆ ಅವನ ದನಿ ಒಡೆಯಿತು, ಅಳು ಬಂತು.

ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ತಾವು ತಟ್ಟದವರು ಎನಿಸಿಕೊಳ್ಳಬಾರದೆಂದು ಎಲ್ಲರೂ ತಟ್ಟಿದರು. "ಅಳು ಥೇಟ್ ನಿಜದ ಹಾಗೇ ಇತ್ತು ಕಣ್ರೀ," ಎಂದು ನಾಯಿ ಹಿಡಿದವನು ಮೆಚ್ಚಿ ಕೈ ಕುಲುಕಿದ.

ಸಮಿತಿಯ ಅಧ್ಯಕ್ಷ ಗಾರ್ಸೈಡ್ ಚಹಾದಂಗಡಿಯಿಂದ ಮೀಸೆಯಲ್ಲಿ ಕೆನೆ ಇಟ್ಟುಕೊಂಡೇ ದಾಪುಗಾಲು ಹಾಕುತ್ತ ಬಂದ. ಕೇಳುವ ಮೊದಲೇ ಕ್ಲಿಫರ್ಡ್ ಹಸಿರು ಪಟ್ಟಿ ಬಿಚ್ಚಿ ಮುಂದೆ ಹಿಡಿದ. ಗಾರ್ಸೈಡ್ ಅದನ್ನು ಮತ್ತೆ ಅವನ ಕೊರಳಿಗೇ ಹಾಕಿದ.

"ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ ಮಾರಾಯ? ಇದು ಬಂಗಾರ."

ಮುಂದಿನ ವಾರದಿಂದ ಇದನ್ನೇ ಗಿರಣಿಯ ಬಾಗಿಲಲ್ಲಿ ಮಾಡುವುದಂತೆ. ಚಹಾದಂಗಡಿಯಲ್ಲಿ ತುಸು ಸೀದ ಹೆಟ್ಟಿ ಬನ್ನು ಸಿಗುವುದಂತೆ. ಕ್ಲಿಫರ್ಡ್ ಒಳಗೆ, ಡೋರೀನ್ ಹೊರಗಿನಿಂದ ಬೀಗ ಹಾಕುವವಳು. ಹೊಗೆಯ ಯಂತ್ರ ತರಿಸುತ್ತೇನೆ ಎಂದು ಡೋರೀನಳೇ ಮುಂದೆ ಬಂದಳು.

"ಈಗೊಂದ್ಸಲ ಕಿರುಚಿ ತೋರ್ಸು, ಜನ ಕಾಯ್ತಿದಾರೆ," ಎಂದ ಗಾರ್ಸೈಡ್.

ಕ್ಲಿಫರ್ಡ್ ಬಾಯಲ್ಲಿದ್ದ ಪೆಪ್ಪರ್‌ಮಿಂಟ್ ಉಗಿದ. "ನಾನು ಕಿರುಚಲ್ಲ."

ಸಾಲಿನವರು ಅದಕ್ಕೂ ಚಪ್ಪಾಳೆ ತಟ್ಟಿದರು. ಗಾರ್ಸೈಡನ ಮುಖ ಅರಳಿತು.

"ಭೇಷ್, ಇದನ್ನೂ ಸೇರಿಸೋಣ. ಹಿಂದಿನವರಿಗೆ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು."

ಕ್ಲಿಫರ್ಡ್ ತುಟಿ ಬಿಗಿದು ನಿಂತ.