ಸೂರ್ಯ ಕಟ್ಟಿದ ಮುದ್ದೆ

ಗೋಡೆಯಾಚೆ ಮಗ್ಗಗಳು ಬೆಳಗಿನಿಂದ ಖಟಾಖಟ್ ಎನ್ನುತ್ತಿದ್ದವು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಕರೆಂಟು ಇರುವಷ್ಟು ಹೊತ್ತು ಗುಟ್ಟನ್ನೂ ಕೂಗಿಯೇ ಹೇಳಬೇಕು. ಹೀಗಾಗಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಆನಂದ್ ತನ್ನ ಹೆಂಡತಿ ಶಶಿರೇಖಾಗೆ ಕೊಟ್ಟ ಮಾತು ಬೀದಿಗೆಲ್ಲ ಗೊತ್ತಿತ್ತು.

"ಶುಕ್ರವಾರ ಸಾಹೇಬ್ರ ಮುಂದೆ ನನ್ನ ಸೋಲಾರ್ ಕುಕ್ಕರಲ್ಲಿ ಮುದ್ದೆ ಬೇಯ್ಲಿಲ್ಲ ಅಂದ್ರೆ, ಶನಿವಾರ ನಾನೇ ಸೈಕಲ್ ಮೇಲೆ ಗ್ಯಾಸ್ ಸಿಲಿಂಡರ್ ತರ್ತೀನಿ."

"ಬೆಂದ್ರೆ?"

"ಬೆಂದ್ರೆ ನಮಗ್ಯಾಕೆ ಗ್ಯಾಸು? ಮೇಲೆ ಸೂರ್ಯ ಇಲ್ವಾ?"

ಸೂರ್ಯ ಇದ್ದ. ಶಶಿರೇಖಾ ಗ್ಯಾಸಿಗೆ ಹೆಸರು ಬರೆಸಿ ಕಾದ ಏಳು ವರ್ಷವೂ ಅವನು ಅಲ್ಲೇ ಇದ್ದ. ಈಗ ಕೊನೆಗೂ ಸರದಿ ಬಂದಿದೆ, ಶನಿವಾರದೊಳಗೆ ಬಂದು ಪಡೆಯಿರಿ ಎಂಬ ಕಾರ್ಡು ಕೈಸೇರಿತ್ತು. ಅವಳು ಅದರ ಮೂಲೆಗೆ ಕುಂಕುಮ ಹಚ್ಚಿ ದೇವರ ಪಟದ ಹಿಂದೆ ಸಿಕ್ಕಿಸಿದ್ದಳು.

ಕುಕ್ಕರ್ ಎಂದರೆ ಒಂದು ತಗಡಿನ ಪೆಟ್ಟಿಗೆ. ಒಳಗೆ ಕಪ್ಪು ಬಣ್ಣ, ಮೇಲೆ ಗಾಜು, ಮುಚ್ಚಳಕ್ಕೆ ಕನ್ನಡಿ. ಅನ್ನಕ್ಕೆ ಮೂರು ಗಂಟೆ, ಬೇಳೆಗೆ ನಾಲ್ಕು (ಮೋಡ ಬಂದರೆ ನಾಳೆ). ಬೀದಿಯ ಹೆಣ್ಣುಮಕ್ಕಳು ಆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದರು. ವಿಜ್ಞಾನದಿಂದ ಲೋಕಕ್ಕೆ ಸದ್ಯ ಅಷ್ಟು ಉಪಕಾರವಾಗಿತ್ತು. ಆನಂದನ ತಾಯಿ ಅಮ್ಮಯಮ್ಮ ಪೆಟ್ಟಿಗೆಯನ್ನು ಒಂದು ಸುತ್ತು ಬಂದು ಕೇಳಿದ್ದರು:

"ಇದ್ರಾಗೆ ಕೋಲು ಆಡಿಸೋದು ಎಲ್ಲಿಂದ ಮಗಾ? ತಿರುವದೆ ಮುದ್ದೆ ಆಯ್ತದಾ?"

"ಶಾಖ ಸಮವಾಗಿದ್ರೆ ತಿರುವೋ ಅಗತ್ಯಾನೇ ಇಲ್ಲವ್ವ. ಅದೆಲ್ಲ ಹಳೇ ಪದ್ಧತಿ."

ಶುಕ್ರವಾರ ಒಂಬತ್ತಕ್ಕೆ ಅವನು ರಾಗಿಹಿಟ್ಟು, ನೀರು ಡಬ್ಬಿಗೆ ಸುರಿದು, ಪೆಟ್ಟಿಗೆಯನ್ನು ಅಂಗಳದ ಬಿಸಿಲಿಗಿಟ್ಟ. ಹನ್ನೆರಡಕ್ಕೆ, ಕುಕ್ಕರ್ ನೋಡಿ ವರದಿ ಬರೆಯಲಿದ್ದ ಬೆಂಗಳೂರಿನ ಸಾಹೇಬರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದ. ಅವನು ತಿರುವಿನಲ್ಲಿ ಮರೆಯಾದ ಮೇಲೆ ಶಶಿರೇಖಾ ಮುಚ್ಚಳ ಎತ್ತಿ ನೋಡಿದಳು. ಮೇಲೆ ಅಂಬಲಿ, ತಳದಲ್ಲಿ ಹಸಿ ಹಿಟ್ಟಿನ ಗಂಟು.

ಸಿಲಿಂಡರ್ ಮನೆ ಬಾಗಿಲಿಗೇ ಬಂದಂತಾಯಿತು. ಮುಚ್ಚಳ ಹಾಕಿ ಸುಮ್ಮನೆ ಕೂತಿದ್ದರೆ ಆಗಿತ್ತು. ಆದರೆ ಬೆಳಿಗ್ಗೆ ಅದೇ ಕನ್ನಡಿಯ ಮುಂದೆ ನಿಂತು, ಭಾಷಣ ಬಾಯಿಪಾಠ ಮಾಡುತ್ತ, ಎರಡು ಸಲ ಕಾಲರ್ ಸರಿಮಾಡಿಕೊಂಡಿದ್ದ ಗಂಡ ನೆನಪಾದ. ಹೆಡ್‌ಮಾಸ್ಟರ್ ವೆಂಕಟರಾಯಪ್ಪನವರೂ ಬರುವವರಿದ್ದರು. ಈ ಅಂಬಲಿಯನ್ನು ಅವರು ವರ್ಷಪೂರ್ತಿ ಸ್ಟಾಫ್ ರೂಮಿನಲ್ಲಿ ಬಡಿಸುತ್ತಾರೆ. ಅವನನ್ನು ನೋಡಿ ತಾನು ನಗಬಹುದು. ಊರು ನಗಬಾರದು.

ಸೀಮೆಎಣ್ಣೆ ಸ್ಟವ್ ಭುಸುಗುಟ್ಟಿತು. ಎಸರಿಟ್ಟು, ಹಿಟ್ಟು ಹಾಕಿ, ಕೋಲು ಹಿಡಿದು ಬೆವರು ಸುರಿಸಿ ತಿರುವಿ, ಅಂಬಲಿ ಚೆಲ್ಲಿದ ಡಬ್ಬಿಗೆ ತುಂಬಿ ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿಗಳ ಸದ್ದು.

ಆನಂದ್ ಭಾಷಣ ಮುಗಿಸಿ ಮುಚ್ಚಳ ಎತ್ತಿದ. ಅದೇ ಗಳಿಗೆಗೆ ಕರೆಂಟು ಹೋಗಿ ಮಗ್ಗಗಳು ನಿಂತವು. ಆ ನಿಶ್ಶಬ್ದದಲ್ಲಿ ಹಬೆಯಾಡುವ ಮೂರು ಮುದ್ದೆಗಳು, ನುಣ್ಣಗೆ, ದುಂಡಗೆ, ಒಂದರ ಪಕ್ಕ ಒಂದು ಕೂತಿದ್ದವು.

ಶಶಿರೇಖಾ ತುಟಿ ಕಚ್ಚಿಕೊಂಡಳು. ತಿರುವಿದ ಹಿಟ್ಟನ್ನು ಹಾಗೆಯೇ ಹಾಕಿದ್ದರೆ ಸಾಕಿತ್ತು. ಹತ್ತು ವರ್ಷ ದಿನವೂ ಮುದ್ದೆ ಕಟ್ಟಿದ ಕೈ. ಅವಳನ್ನು ಕೇಳದೆಯೇ ಕಟ್ಟಿಬಿಟ್ಟಿತ್ತು.

"ಬೇಯ್ಸಿದ್ದು ಸೂರ್ಯ, ಒಪ್ಕೊಂಡೆ," ಎಂದರು ವೆಂಕಟರಾಯಪ್ಪ. "ಮುಚ್ಚಿದ ಪೆಟ್ಟಿಗೇಲಿ ಉಂಡೆ ಕಟ್ಟಿದ್ದು ಯಾರು ಮೇಷ್ಟ್ರೇ?"

ಆನಂದ್ ಮುದ್ದೆಗಳನ್ನೇ ನೋಡಿದ. ಹುಟ್ಟಿದಾಗಿನಿಂದ ಮುದ್ದೆ ತಿಂದವನು. ಈಗ ತಿಳಿದುಕೊಳ್ಳುತ್ತಾನೆ, ಕದ್ದು ತನ್ನ ಕಡೆ ನೋಡುತ್ತಾನೆ, ರಾತ್ರಿ ಊಟಕ್ಕೆ ಕೂತಾಗ ಮೆತ್ತಗಾಗುತ್ತಾನೆ, ನಾಳೆ ಸೈಕಲ್ ತೆಗೆಯುತ್ತಾನೆ ಎಂದು ಅವಳು ಕಾದಳು. ಅವನ ಮುಖ ಬೆಳಗಿತು.

"ಶಾಖ ಎಲ್ಲಾ ಕಡೆಯಿಂದ ಸಮವಾಗಿ ಬಿದ್ರೆ ವಸ್ತು ತಾನಾಗೇ ದುಂಡಗಾಗುತ್ತೆ ಸಾರ್. ಭೂಮಿ ದುಂಡಗಿಲ್ವಾ?"

ಮುದ್ದೆಯನ್ನು ಅಂದೇ ಮೊದಲ ಸಲ ಕಂಡಿದ್ದ ಸಾಹೇಬರು 'ತಾನಾಗಿಯೇ ದುಂಡಗಾಗುತ್ತದೆ' ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಅಮ್ಮಯಮ್ಮ ಒಂದು ತುತ್ತು ಮುರಿದು ನುಂಗಿದರು. "ಸೂರ್ಯ ಚೆನ್ನಾಗಿ ಕಟ್ಟವ್ನೆ. ಥೇಟ್ ನಮ್ಮ ಸೊಸೆ ಕೈಯೇ."

ಅದನ್ನೂ ಆನಂದ್ ಸೂರ್ಯನ ಲೆಕ್ಕಕ್ಕೇ ಹಾಕಿಕೊಂಡ.

"ಈ ಮನೆಗೆ ಗ್ಯಾಸ್ ಬೇಡ ಅಂತ ನೀವು ಬರೆದುಕೊಟ್ಟರೆ ವರದಿ ಜೊತೆ ಇಡಬಹುದು," ಎಂದರು ಸಾಹೇಬರು. ಆನಂದ್ ಒಳಗೆ ಹೋಗಿ ಪಟದ ಹಿಂದಿನ ಕಾರ್ಡನ್ನೇ ಎಳೆದು ತಂದ. ಅದರ ಬೆನ್ನಿಗೆ 'ಅಗತ್ಯವಿಲ್ಲ' ಎಂದು ಬರೆದು ಸಹಿ ಹಾಕಿದ. ಕುಂಕುಮ ಅವನ ಹೆಬ್ಬೆರಳಿಗೆ ಅಂಟಿತು. ಶಶಿರೇಖಾ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದಳು. ಈಗ ಮಾತಾಡಿದರೆ ಇಷ್ಟು ಜನರೆದುರು ಗಂಡನ ಭೂಮಿ ಚಪ್ಪಟೆಯಾಗುತ್ತದೆ.

ಎಲ್ಲರನ್ನೂ ಕಳಿಸಿ ಬಂದ ಆನಂದ್ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡ. "ನೋಡಿದ್ಯಾ ಶಶಿ? ಸೋಮವಾರ ಸಾಹೇಬ್ರು ಇನ್ನೂ ಹತ್ತು ಜನಾನ ಕರ್ಕೊಂಡು ಬರ್ತಾರಂತೆ. ಎಲ್ಲರಿಗೂ ಒಂದೊಂದು ಮುದ್ದೆ."

ಅವಳು ಮೂಲೆಯಲ್ಲಿದ್ದ ಡಬ್ಬ ಎತ್ತಿಕೊಂಡು ರೇಷನ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಲ್ಲಿಗೆ ಹೊರಟೆ?"

"ನಿಮ್ಮ ಸೂರ್ಯಂಗೆ ಸೀಮೆಎಣ್ಣೆ ಮುಗಿದಿದೆ. ಸೊಸೈಟಿ ಬಾಗಿಲು ಹಾಕೋದ್ರೊಳಗೆ ಹೋಗಿ ಕ್ಯೂ ನಿಂತ್ರೆ, ಸೋಮವಾರಕ್ಕೆ ಅವನು ಹತ್ತಲ್ಲ, ಇಪ್ಪತ್ತು ಬೇಕಾದ್ರೂ..."

ಕರೆಂಟು ಬಂದಿತ್ತು. "ಏನಂದೆ?" ಎಂದು ಮಗ್ಗದ ಸದ್ದಿನ ಮೇಲೆ ಆನಂದ್ ಕೂಗುವಷ್ಟರಲ್ಲಿ ಅವಳು, ಇನ್ನೂ ಏನೋ ಹೇಳುತ್ತಲೇ, ಬೀದಿಗಿಳಿದಿದ್ದಳು.