ಮೇಲಿನ ಸಾ ಕೊಡದ ಟೀಚರಮ್ಮ

ಬಾಯಿ ತೆರೆದು ಅನ್ನ ತಿನ್ನುವವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬಾಯಿ ತೆರೆದು ಅನ್ನ ಸಂಪಾದಿಸುವವರ ಮೇಲೆ ಮಾತ್ರ ಊರಿಗೆಲ್ಲ ಅನುಮಾನ. ನನ್ನ ಅರ್ಧ ಆಯುಷ್ಯ ನಾಟಕ ಕಂಪನಿಗಳಲ್ಲಿ ಹಾಡುತ್ತ ಹೋಯಿತು, ಉಳಿದದ್ದು ಹೊಸಪೇಟೆಯಲ್ಲಿ ಮಂದಿಯ ಗಂಟಲು ತಿದ್ದುತ್ತ ಹೋಗುತ್ತಿದೆ. ಎರಡೂ ಕಡೆ ಇಂಥ ಅನುಮಾನದ ಪ್ರಸಂಗಗಳು ನಡೆಯುತ್ತಲೇ ಬಂದಿವೆ. ಅದರಲ್ಲೂ ಅದಿರಿನ ಸುಗ್ಗಿಯ ಆ ವರ್ಷಗಳನ್ನು ಕೇಳಲೇಬೇಡಿ. ನಿನ್ನೆ ಸೈಕಲ್ ತುಳಿದವನು ಇವತ್ತು ದೊಡ್ಡ ಕಾರಿನಲ್ಲಿ ಬಂದು ಹಾರ್ನ್ ಹೊಡೆಯುತ್ತಿದ್ದ ಕಾಲ. ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದಲೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಮೊದಲು ಕಂಪನಿ ನಾಟಕದ ಒಂದು ಪದ್ಧತಿ ತಿಳಿಸಿಬಿಡುತ್ತೇನೆ. ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಅನ್ನುತ್ತಾರೆ. ಅಂದ ಮೇಲೆ ಮುಗಿಯಿತು, ಮತ್ತೆ ಹಾಡಲೇಬೇಕು. ನಾಯಕಿ ವಿಷ ಕುಡಿದು ಸತ್ತು ಬಿದ್ದಿದ್ದರೂ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಅದೇ ಹಾಡು ಹಾಡಿ, ಇನ್ನೊಮ್ಮೆ ಸಾಯಬೇಕು. ಕಂಪ್ಲಿಯಲ್ಲಿ ಒಮ್ಮೆ ನಾನು ಹೀಗೆ ಸತ್ತು ಎದ್ದು, ಎದ್ದು ಸತ್ತು, ಕೊನೆಗೆ ನಿಜವಾಗಿ ಸಾಯುವ ಹೊತ್ತಿಗೆ, ಪಕ್ಕದಲ್ಲಿ ಕೂತು ಅಳಬೇಕಾದ ಗಂಡನ ಪಾತ್ರಧಾರಿ ಬೇಸತ್ತು ಚಹಾ ಕುಡಿಯಲು ಹೋಗಿಬಿಟ್ಟಿದ್ದ.

ಮನೆ ಹಿಡಿದದ್ದು

ಕಂಪನಿ ಬಿಟ್ಟು ಬಂದು ಹೊಸಪೇಟೆಯಲ್ಲಿ ಮನೆ ಹುಡುಕಿದೆ. ಸಿಕ್ಕಿದ್ದು ಒಂದು ಹಳೆಯ ಮನೆಯ ಮೇಲಂತಸ್ತು. ಎತ್ತರದ ಸೂರು, ಮರದ ತೊಲೆಗಳು. ಮೂಲೆಯಲ್ಲಿ ನಿಂತು ಮೆಲ್ಲಗೆ ಸಾ ಹಿಡಿದರೆ ಗೋಡೆಗಳು ಅದನ್ನು ದಪ್ಪ ಮಾಡಿ ವಾಪಸ್ ಕೊಡುತ್ತಿದ್ದವು. ಆ ಕೋಣೆಗೆ ನನ್ನ ಜೀವವೇ ಅಂಟಿಕೊಂಡಿತು. ವಯಸ್ಸಾಗುತ್ತಿರುವ ಹಾಡುಗಾರ್ತಿಗೆ ಅಂಥ ಕೋಣೆ ಇದ್ದರೆ ಇನ್ನಷ್ಟು ವರ್ಷ ಮರ್ಯಾದೆಯಿಂದ ಕಳೆಯುತ್ತವೆ.

ಕೆಳಗೆ ಮಾಲೀಕರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವವರು. "ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರು.

"ಧ್ವನಿ ಕಲಿಸ್ತೀನ್ರಿ."

"ಧ್ವನಿ ಹುಟ್ಟತಾನ ಬಂದಿರತೈತಲ್ರಿ. ಅದನ್ನೇನು ಕಲಿಸೋದು? ಖರೇ ಕೆಲಸ ಏನು, ಹೇಳ್ರಿ."

ಎದುರು ಮನೆಯ ಯಜಮಾನರು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದರು. ಟಿ.ಬಿ. ಡ್ಯಾಂ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಓಣಿಗೆಲ್ಲ ಹಿರಿಯರು. "ನಾಟಕದಾಗ ಇವರ ಹಾಡು ನಾ ಕೇಳೀನಿ, ಮನಿ ಕೊಡ್ರಿ" ಅಂದರು. ಮಾಲೀಕರು ಒಲ್ಲದ ಮನಸ್ಸಿನಿಂದ ಅವರ ಎದುರೇ ಮಾತು ಕೊಟ್ಟರು: "ಓಣಿಯವರು ದೂರು ಹೇಳೋ ತನಕ ಇರ್ರಿ. ಹೇಳಿದ್ರ ಖಾಲಿ ಮಾಡ್ಬೇಕು."

ಅಲ್ಲಿಯವರೆಗೆ ಸರಿ. ಆಮೇಲೆ ಅದಿರಿನ ಬೆಲೆ ಏರಿತು. ಗಣಿ ಕಡೆಯವರು ಯಾರೋ ಬಂದು ನನ್ನ ಮೇಲಂತಸ್ತನ್ನು ಭಾರಿ ಬಾಡಿಗೆಗೆ ಗೆಸ್ಟ್ ಹೌಸಿಗೆ ಕೇಳಿದರು. ಮಾಲೀಕರ ನಿದ್ದೆ ಹಾರಿತು. ಹಿರಿಯರ ಎದುರು ಆಡಿದ ಮಾತು ತಪ್ಪುವ ಹಾಗಿಲ್ಲ. ಅದಕ್ಕೆ ದಿನಾ ಓಣಿ ತುಂಬ ದೂರು ಹುಡುಕಿಕೊಂಡು ಓಡಾಡತೊಡಗಿದರು. "ಸಂಗೀತದ ಕಾಟ ಭಾಳ ಆಗೇತೇನ್ರಿ?" ಅಂತ ಮನೆ ಮನೆ ಬಾಗಿಲಲ್ಲಿ ವಿಚಾರಣೆ. ಕೊನೆಯ ಮನೆಯ ಕಿವಿ ಕೇಳದ ಮುದುಕಿಯನ್ನೂ ಬಿಡಲಿಲ್ಲ. ಆಕೆ ಮಾತ್ರ, "ಹಾಡು ಮಸ್ತ್ ಇರತಾವು" ಅಂದಳಂತೆ.

ಶೇಂಗಾ

ನನ್ನ ಶಿಷ್ಯೆಯೊಬ್ಬಳ ತಾಯಿ ಪಾಠ ನಡೆಯುವಾಗಲೆಲ್ಲ ಬಾಗಿಲಲ್ಲೇ ಕೂತಿರುತ್ತಿದ್ದಳು. ಅದೇ ಓಣಿಯವಳು, ಗಂಡ ಹೊಸದಾಗಿ ಟಿಪ್ಪರ್ ತೆಗೆದುಕೊಂಡಿದ್ದ. ನಾನು ಕಲಿಸುವುದರಲ್ಲಿ ಏನೋ ಮುಚ್ಚಿಡುತ್ತಿದ್ದೇನೆ ಅಂತ ಅವಳಿಗೆ ಗುಮಾನಿ.

"ಟೀಚರಮ್ಮ, ನೇರ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಪಾಪಿನಾಯಕನಹಳ್ಳಿ ಹುಡುಗಿಗೆ ಮ್ಯಾಲಿನ ಸಾ ಕೊಟ್ಟೀರಿ. ನಮ್ಮಾಕಿಗೆ ಇನ್ನೂ ಕೆಳಗಿನ ಸಾನ ಕೊಡಾಕ ಹತ್ತೀರಿ. ಯಾಕ?"

"ಆ ಹುಡುಗಿ ಗಂಟಲ ತೆರೆದೈತಿ. ನಿಮ್ಮ ಮಗಳಿಗೂ ಬರತೈತಿ. ಜಲ್ದಿ ಮಾಡಿದ್ರ ದನಿ ಒಡೀತೈತಿ."

"ಹಂಗಲ್ಲ ಬಿಡ್ರಿ. ಅವರಿಗೆ ಹೊಲ ಐತಿ. ಬೆಳೆದದ್ದು ತಂದು ಕೊಡ್ತಾರ."

ಮರುದಿನ ಪಾಠದ ನಡುವೆ ಒಂದು ಚೀಲ ಶೇಂಗಾ ಎಳೆದುಕೊಂಡು ಬಂದು ಹಾರ್ಮೋನಿಯಂ ಪಕ್ಕ ದೊಪ್ಪನೆ ಇಟ್ಟಳು. "ಈಗ ಕೊಡ್ರಿ" ಅಂದಳು. ಮಗಳಿಗೆ ಗೆಳತಿಯರ ಎದುರು ಪ್ರಾಣ ಹೋದಂತಾಯಿತು. ಎದ್ದು ನಿಂತು, "ಅವ್ವಾ, ಸಾಕು" ಅಂತ ಚೀರಿದಳು. ನಾನು ಹಾರ್ಮೋನಿಯಂ ಪಟ್ಟಿಯ ಮೇಲೆ ಬೆರಳಿಟ್ಟು ನೋಡಿದೆ. ಆ 'ಅವ್ವಾ' ಇದ್ದದ್ದು ಸರಿಯಾಗಿ ಮೇಲಿನ ಸಾದಲ್ಲಿ, ಕೂದಲಷ್ಟೂ ಆಚೀಚೆ ಇಲ್ಲ. ನನಗೆ ತಡೆಯಲಾಗಲಿಲ್ಲ, "ಬಂತಲ್ಲ, ಇದೇ ನೋಡು" ಅಂದುಬಿಟ್ಟೆ.

ತಾಯಿ ಸುತ್ತಲೂ ಕೂತವರನ್ನೆಲ್ಲ ಒಮ್ಮೆ ನೋಡಿದಳು. "ನಾ ಹೇಳಲಿಲ್ಲೇನು? ಶೇಂಗಾ ಬಂದ ಕೂಡಲೇ ಹೆಂಗ ಬಂತು ನೋಡ್ರಿ."

ಕಿಟಕಿ ಪಕ್ಕದ ಶಿಷ್ಯ

ಒಬ್ಬ ಲಾರಿ ಮಾಲೀಕ ಕಲಿಯಲು ಬಂದ. ದಪ್ಪ ಮೀಸೆ, ಗಡಸು ದನಿ. "ಭಾಳ ದಿನದ ಆಸೆ ಐತ್ರಿ" ಅಂದ. ಚಾಪೆ ಬಿಟ್ಟು ಕಿಟಕಿಯ ಪಕ್ಕ ಕೂತ. ನಾನು ಸಾ ಅಂದರೆ ಅವನೂ ಸಾ ಅನ್ನುತ್ತಿದ್ದ, ಕಣ್ಣು ಮಾತ್ರ ಹೊರಗೆ. ರೀ ಬರುವಷ್ಟರಲ್ಲಿ ಎದ್ದು ಇಣುಕುತ್ತಿದ್ದ. ಎಷ್ಟು ದಿನ ಕಳೆದರೂ ಇದೇ ಪಾಠ.

ನನಗೆ ಖಾತ್ರಿಯಾಯಿತು, ಇವನು ಮನೆ ಮಾಲೀಕರು ಬಿಟ್ಟ ಗೂಢಚಾರ. ನಮ್ಮ ಹಾಡಿಗೆ ಓಣಿಯಲ್ಲಿ ಯಾರು ಮುಖ ಸಿಂಡರಿಸುತ್ತಾರೆ ಅಂತ ನೋಡಿ ವರದಿ ಒಪ್ಪಿಸುತ್ತಿದ್ದಾನೆ. ಒಂದು ದಿನ ಹಾರ್ಮೋನಿಯಂ ಮುಚ್ಚಿ ಕೇಳಿಯೇ ಬಿಟ್ಟೆ, "ಖರೇ ಹೇಳ್ರಿ, ನಿಮ್ಮನ್ನ ಯಾರು ಕಳಿಸ್ಯಾರ?"

ಆತ ತಲೆ ತಗ್ಗಿಸಿದ. "ಯಾರೂ ಇಲ್ರಿ. ನಮ್ಮ ಡ್ರೈವರ್ ಮ್ಯಾಲ ನನಗ ನಂಬಿಕಿ ಇಲ್ಲ. ನಾ ಇಲ್ಲದಾಗ ಬ್ಯಾರೆಯವರ ಮಾಲು ಹೇರ್ಕೊಂಡು ಒಂದು ಟ್ರಿಪ್ಪು ಹೊಡೀತಾನ. ನಿಮ್ಮ ಕಿಟಕಿಯಿಂದ ಲಾರಿ ಪೂರಾ ಕಾಣತೈತಿ. ಚಹಾದಂಗಡ್ಯಾಗ ಕುಂತ್ರ ಅವಗ ನಾ ಕಾಣ್ತೀನಿ."

ನಾನೂ ಇಣುಕಿದೆ. ಲಾರಿ ನಿಂತಿತ್ತು. ಡ್ರೈವರ್ ನಮ್ಮ ಕಿಟಕಿಯ ಕೆಳಗೇ ಕತ್ತು ಮೇಲೆ ಮಾಡಿಕೊಂಡು ನಿಂತಿದ್ದ. ಅವನಿಗೂ ಅನುಮಾನ, ಮಾಲೀಕ ಮೇಲೆ ಕೂತು ತನ್ನನ್ನು ಕೆಲಸದಿಂದ ತೆಗೆಯುವ ಮಾತಾಡುತ್ತಿದ್ದಾನೆ ಅಂತ. ದಿನಾ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದನಂತೆ. ಮುಂದೆ ಎಷ್ಟೋ ತಿಂಗಳ ನಂತರ ಆ ಡ್ರೈವರ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ನಮಸ್ಕಾರ ಮಾಡಿ, ನಿಂತಲ್ಲೇ ಸಾದಿಂದ ಮೇಲಿನ ಸಾದವರೆಗೆ ಒಂದೇ ಉಸಿರಿನಲ್ಲಿ ಏರಿ ಇಳಿದು ತೋರಿಸಿದ. ಅವನ ಮಾಲೀಕನಿಗೆ ಇವತ್ತಿಗೂ ರೀ ಬಂದಿಲ್ಲ.

ಸಂಡೂರಿನ ಗುಡ್ಡದಲ್ಲಿ

ಭಾನುವಾರ ಸಂಡೂರಿಗೆ ಹೋಗಿ ಕೆಲವು ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಮೈಕಿಲ್ಲದ ಕಾಲದ ಕಂಪನಿಯವರು ದನಿ ಬೆಳೆಸಿದ್ದು ಬಯಲಿನಲ್ಲಿ. ಗುರು ಒಂದು ದಿಬ್ಬದ ಮೇಲೆ, ಶಿಷ್ಯರು ಇನ್ನೊಂದು ದಿಬ್ಬದ ಮೇಲೆ. ದನಿ ಅಲ್ಲಿಗೆ ಮುಟ್ಟಬೇಕು, ಆದರೆ ಕಿರುಚಬಾರದು. ನಾನೂ ಹುಡುಗಿಯರನ್ನು ಗುಡ್ಡದ ಬುಡಕ್ಕೆ ಕರೆದುಕೊಂಡು ಹೋದೆ.

ನಾನು ಒಂದೊಂದೇ ಸ್ವರ ಏರಿ ಮೇಲಿನ ಸಾ ಹಿಡಿದು ನಿಲ್ಲಿಸಿದ್ದೇ ತಡ, ಹಿಂದಿನಿಂದ ಅರಣ್ಯ ಇಲಾಖೆಯ ಒಬ್ಬ ಕಾವಲುಗಾರ ಕೋಲು ಹಿಡಿದು ಓಡಿ ಬಂದ. ಮೈಯೆಲ್ಲ ಕೆಂಪು ಧೂಳು, ಕಣ್ಣು ಮಾತ್ರ ಬೆಳ್ಳಗೆ.

"ಯಾರಿಗೆ ಸಿಗ್ನಲ್ ಕೊಡಾಕ ಹತ್ತೀರಿ?"

"ಸಿಗ್ನಲ್ ಅಲ್ಲಪ್ಪ, ಸಂಗೀತ."

"ಸಂಗೀತ ಮನ್ಯಾಗ ಹಾಡ್ತಾರ. ಅಲ್ಲಿ ನೋಡ್ರಿ, ನೀವು ಕೂಗಿದ ಕೂಡಲೇ ಲಾರಿ ಹೊಂಟಾವು."

ನೋಡಿದರೆ ಹೌದು. ಎದುರು ಗುಡ್ಡದ ದಾರಿಯಲ್ಲಿ ಲಾರಿಗಳ ಸಾಲು ಕದಲುತ್ತಿತ್ತು. ಕಳ್ಳ ಲಾರಿಗಳಿಗೆ ದಾರಿ ಸಲೀಸಾಗಿದೆ ಅಂತ ಸನ್ನೆ ಮಾಡುವವರು ಆಗ ಗುಡ್ಡದ ತುಂಬ ಇದ್ದರಂತೆ. ಕಾವಲುಗಾರ ತನ್ನ ಮೇಲಿನವರನ್ನು ಕರೆಸಿದ. ಅವರು ಜೀಪಿನಲ್ಲಿ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು, "ಇನ್ನೊಮ್ಮೆ ಹಾಡ್ರಿ, ಪರೀಕ್ಷಾ ಮಾಡೂಣು" ಅಂದರು. ಹಾಡಿದೆ. ನನ್ನ ಗ್ರಹಚಾರ, ಮೇಲಿನ ಸಾ ಮುಟ್ಟುವುದಕ್ಕೂ ಇನ್ನೊಂದು ಸಾಲು ಲಾರಿ ಹೊರಡುವುದಕ್ಕೂ ಸರಿಹೋಯಿತು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಮೇಲಿನವರು ಗದ್ದ ಕೆರೆದುಕೊಂಡು ಬಹಳ ವಿಚಾರ ಮಾಡಿ ಹೇಳಿದರು, "ಅಕ್ಕಾರ, ಈಗ ಹಂಗ ಇಳಿಸಿ ಹಾಡ್ರಿ. ವಾಪಸ್ ಬರ್ತಾವೇನೋ ನೋಡೂಣು."

ಬಾಯಿ ಮುಚ್ಚಿಕೊಂಡ ಮೇಲೆ

ಲಾರಿಗಳು ವಾಪಸ್ ಬರಲಿಲ್ಲ. ನಾನು ವಾಪಸ್ ಬಂದೆ, ಅವರದೇ ಜೀಪಿನಲ್ಲಿ. ಮರ್ಯಾದೆಯಿಂದಲೇ ತಂದು ಬಿಟ್ಟರು, ಆದರೆ ಓಣಿಯವರಿಗೆ ಕಂಡದ್ದು ಜೀಪು. ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ಮುಖ ಹಬ್ಬದ ಹಾಗೆ ಅರಳಿತ್ತು. "ಇನ್ನ ಯಾರಾದ್ರೂ ಒಬ್ಬರು ಬಾಯಿ ಬಿಟ್ರ ಸಾಕು, ಹೇಳೀನಿ" ಅಂದರು.

ಮೇಲೆ ಬಂದು ಕತ್ತಲಲ್ಲಿ ಕೂತೆ. ಆ ಗೋಡೆಗಳನ್ನು ಬಿಟ್ಟು ಎಲ್ಲಿಗೆ ಹೋಗಲಿ? ಕೊನೆಗೆ ಒಂದು ಉಪಾಯ ಹೊಳೆಯಿತು. ಗಂಟಲು ತಿದ್ದಲು ಬಾಯಿ ಮುಚ್ಚಿಕೊಂಡು ಮಾಡುವ ಸಾಧನೆಯೊಂದು ಇದೆ. ತುಟಿ ಬಿಚ್ಚದೆ ಮೂಗಿನಲ್ಲಿ 'ಹ್ಮ್' ಅಂತ ಕೆಳಗಿನ ಸಾ ಹಿಡಿದು ಕೂರುವುದು. ಮರುದಿನದಿಂದ ಹಾಡು ಬಂದ್. ಕಿಟಕಿ ಮುಚ್ಚಿ, ಬಾಗಿಲು ಹಾಕಿ, ಎಲ್ಲರೂ ಹ್ಮ್ ಅಂತ ಕೂತೆವು. ಇನ್ನು ಯಾರು ಏನು ದೂರು ಹೇಳುತ್ತಾರೆ ನೋಡೋಣ ಅಂದುಕೊಂಡೆ.

ಇಷ್ಟು ವರ್ಷ ಹಾಡಿದಾಗ ಬಾರದ ದೂರು, ಹಾಡು ನಿಂತ ಮೇಲೆ ಬಂತು. ಓಣಿಗೆ ಓಣಿಯೇ ಕಂಗಾಲು. ಮೇಲೆ ಹೋಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ, ಒಳಗಿನಿಂದ ಗೂಂ ಅಂತ ಸದ್ದು ಬರುತ್ತದೆ. ಮಕ್ಕಳು ದರೋಜಿ ಕಾಡಿನ ಕರಡಿ ತಂದು ಕಟ್ಟಿದ್ದಾರೆ ಅಂದವು. ದೊಡ್ಡವರು ಅದಿರು ಪುಡಿ ಮಾಡುವ ಮಷೀನ್ ಇಟ್ಟಿದ್ದಾರೆ ಅಂದರು. ಒಂದು ಸಂಜೆ ಮಾಲೀಕರು ಓಣಿಯ ಜನರನ್ನೆಲ್ಲ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲು ನೂಕಿದರು.

ಒಳಗೆ ಹುಡುಗಿಯರು ಬಾಯಿ ಮುಚ್ಚಿಕೊಂಡು ಸಾಲಾಗಿ ಕೂತಿದ್ದರು. ಮಾಲೀಕರು ನಂಬಲಿಲ್ಲ. ಹಾರ್ಮೋನಿಯಂ ಅಲ್ಲಾಡಿಸಿದರು, ಹಾಸಿಗೆ ಮಗುಚಿ ನೋಡಿದರು, ಶೇಂಗಾ ಚೀಲಕ್ಕೂ ಕೈ ಹಾಕಿದರು. "ಮಷೀನ್ ಎಲ್ಲಿ ಐತಿ?" ಅಂದರು.

ಎದುರು ಮನೆಯ ಹಿರಿಯರು ಕೋಲೂರಿಕೊಂಡು ಮುಂದೆ ಬಂದರು. "ಅಕ್ಕಾರ, ಹಾಡು ಯಾಕ ನಿಲ್ಲಿಸೀರಿ? ಅದನ್ನ ಹೇಳ್ರಿ ಮೊದಲ."

ಉತ್ತರದ ಬದಲು ಹಾಡೇ ಬಂತು. ಕಂಪನಿಯಲ್ಲಿ ಸಾಯುವ ಮುಂಚೆ ಹಾಡುತ್ತಿದ್ದ ಹಾಡನ್ನೇ ಎತ್ತಿಕೊಂಡೆ, ಕೊನೆಯ ಸಾಲಿನವರಿಗೆ ಮುಟ್ಟುವ ದನಿಯಲ್ಲಿ. ಮುಗಿದಾಗ ಹಿರಿಯರು ಕಣ್ಣೊರೆಸಿಕೊಂಡು "ಒನ್ಸ್ ಮೋರ್" ಅಂದರು. ಪದ್ಧತಿ ಪದ್ಧತಿಯೇ. ಮತ್ತೆ ಹಾಡಿದೆ.

ಮಾಲೀಕರಿಗೆ ಕೈಗೆ ಬಂದದ್ದು ಜಾರುತ್ತಿದೆ ಅನ್ನಿಸಿತು. ನಡುವೆ ಬಂದು ನಿಂತು, ಬೆರಳೆತ್ತಿ, ಗಿರಣಿಯ ಸದ್ದನ್ನು ಮೀರಿಸಿ ಅಭ್ಯಾಸವಾದ ದನಿಯಲ್ಲಿ ಗುಡುಗಿದರು: "ಅದೆಲ್ಲ ಇರ್ಲಿ. ದೂರು ಬಂದೈತಿ. ಮಾತು ಅಂದ್ರ ಮಾತು. ನಾಳೆ ಮನಿ ಖಾಲಿ ಮಾಡ್ರಿ."

ತೊಲೆಗಳು ಆ ಮಾತನ್ನೂ ದಪ್ಪ ಮಾಡಿ ವಾಪಸ್ ಕೊಟ್ಟವು. ಎಲ್ಲರೂ ಬೆಚ್ಚಿದರು. ಆಗ ಬಾಗಿಲ ಕಡೆಯಿಂದ ಒಂದು ಹೆಣ್ಣುದನಿ ಕೇಳಿಸಿತು.

"ಒನ್ಸ್ ಮೋರ್."

ನೋಡಿದರೆ ಶೇಂಗಾ ತಂದ ತಾಯಿ. ಮಾಲೀಕರಿಗೆ ಅದು ತಮ್ಮ ಪರವಾಗಿ ಬಂದ ಮಾತು ಅನ್ನಿಸಿತು. ಹುರುಪಿನಿಂದ ಎದೆ ಉಬ್ಬಿಸಿ, ಬೆರಳನ್ನು ಇನ್ನೂ ಎತ್ತರಕ್ಕೆ ಎತ್ತಿ, ಅದನ್ನೇ ಅಕ್ಷರ ಬಿಡದೆ ಹೇಳಿದರು. ಚಪ್ಪಾಳೆ ಬಿತ್ತು. "ಒನ್ಸ್ ಮೋರ್" ಅಂತ ಈಗ ಇಡೀ ಓಣಿಯೇ ಕೂಗಿತು. ಮೂರನೆಯ ಸಲ "ದೂರು ಬಂದೈತಿ" ಅನ್ನುವಷ್ಟರಲ್ಲಿ ಅವರಿಗೇ ನಗು ಒತ್ತರಿಸಿಕೊಂಡು ಬಂದು ಮಾತು ಮುಗಿಸಲಾಗದೆ ಕೂತುಬಿಟ್ಟರು. ಹಿರಿಯರು ಓಣಿಯ ಕಡೆ ತಿರುಗಿ, "ದೂರು ಯಾರದ್ದು?" ಅಂತ ಕೇಳಿದರು. ಮಷೀನ್ ಅಂದವರೆಲ್ಲ ಸೂರು ನೋಡತೊಡಗಿದರು. ನನಗೆ ಅಳು ತಡೆಯಲಾಗಲಿಲ್ಲ.

ಆದರೂ ನನಗೆ ಅನುಮಾನ ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಅವರು ಹಿಂದೆ ಮುಂದೆ ನೋಡಿ, ಬಾಗಿಲು ಮುಂದಕ್ಕೆ ಎಳೆದು, ಮೆಲ್ಲಗೆ ಕೇಳಿದರು.

"ನಿನ್ನಿ ನಾ ಹೇಳಿದ್ದು, ಕಡೀ ಸಾಲಿಗೆ ಮುಟ್ಟಿತ್ತೇನ್ರಿ?"

"ಮುಟ್ಟಿತ್ತು. ಎರಡನೇ ಸಲದ್ದು ಭಾಳ ಚಲೋ ಇತ್ತು."

"ನನಗೂ ಹಂಗ ಅನ್ನಿಸ್ತು. ನಾನೂ ಕಲಿಯಾಕ ಬರ್ಲೇನು? ಕಲಿಯೋದು ಮುಗಿಯೋ ತನಕ ಖಾಲಿ ಮಾಡೋ ಮಾತು ತೆಗೆಯೂದಿಲ್ಲ, ಆಣಿ."

"ಬರ್ರಿ, ಕುಂದ್ರಿ" ಅಂದೆ.

ಅವತ್ತಿನಿಂದ ತಪ್ಪದೆ ಬರುತ್ತಿದ್ದಾರೆ. ಗಂಟಲು ಚೆನ್ನಾಗಿದೆ, ಕಷ್ಟಪಡುತ್ತಾರೆ. ಆಗಾಗ ನನ್ನನ್ನು ಓರೆಗಣ್ಣಿನಿಂದ ನೋಡಿ, "ಅಕ್ಕಾರ, ಮ್ಯಾಲಿನ ಸಾ ಇನ್ನೂ ಯಾಕ ಕೊಟ್ಟಿಲ್ಲ?" ಅಂತ ಕೇಳುತ್ತಾರೆ. ಜಲ್ದಿ ಮಾಡಿದರೆ ದನಿ ಒಡೆಯುತ್ತದೆ ಅಂತ ಹೇಳುತ್ತೇನೆ. ಹಿಂದೆ ಆ ತಾಯಿ ನನ್ನ ಮೇಲೆ ಪಟ್ಟ ಅನುಮಾನ ಅವತ್ತು ಸುಳ್ಳಾಗಿತ್ತು. ಈಗ ಖರೇ ಆಗಿದೆ. ಮೇಲಿನ ಸಾ ನಾನು ಇವರಿಗೆ ಸಾಯುವ ತನಕ ಕೊಡುವುದಿಲ್ಲ.